ಕ್ಷಮೆಗೂ ಅಭ್ಯಾಸ ಬೇಕು

ಕಳಸದ ಶಾಲಾ ಮಕ್ಕಳಿಗೆ ಬೈಲಕುಪ್ಪೆ ಎಂದರೆ ಪ್ರವಾಸದ ಊರು. ಕೊಡಗಿಗೆ ಹೋಗುವ ದಾರಿಯಲ್ಲಿ ಕುಶಾಲನಗರಕ್ಕೆ ಮುಂಚೆ ಬಸ್ಸು ನಿಲ್ಲುತ್ತದೆ. ನಾಮ್‌ಡ್ರೋಲಿಂಗ್ ಮಠದೊಳಗೆ ಬಂಗಾರದ ಬಣ್ಣದ ಮೂರು ಬೃಹತ್ ಮೂರ್ತಿಗಳನ್ನು ಕಂಡು, ಹೊರಗೆ ಮೊಮೊ ತಿಂದು, ಮಕ್ಕಳು ಮತ್ತೆ ಬಸ್ಸು ಹತ್ತುತ್ತಾರೆ. ಆ ಕೆಂಪು ಬಟ್ಟೆಯ ಭಿಕ್ಷುಗಳು ಇಲ್ಲಿಗೇಕೆ ಬಂದರು ಎಂದು ಕೇಳುವವರು ಕಡಿಮೆ.

1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾದ ಆಳ್ವಿಕೆಯ ವಿರುದ್ಧ ಟಿಬೆಟಿನ ಜನ ದಂಗೆ ಎದ್ದರು. ಚೀನಾದ ಸೇನೆ ಅದನ್ನು ಹತ್ತಿಕ್ಕಿತು. ಸಾವಿರಾರು ಜನ ಸತ್ತರು. ದಲೈ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80,000 ಜನ ಬಂದರು. ಅಂದಿನ ಮೈಸೂರು ರಾಜ್ಯ ಅವರಿಗೆ ನೆಲೆ ನೀಡಲು ಮುಂದಾಯಿತು. ಹಿಮದ ನಾಡಿನ ಜನ ಬೈಲಕುಪ್ಪೆಯ ಕಾಡು ಕಡಿದು, ಸೆಕೆ ತಾಳಿಕೊಂಡು, ಮುಸುಕಿನ ಜೋಳ ಬೆಳೆದರು.

ಇಷ್ಟೆಲ್ಲ ಕಳೆದುಕೊಂಡವರ ಎದೆಯಲ್ಲಿ ದ್ವೇಷವಲ್ಲದೆ ಇನ್ನೇನು ಉಳಿದೀತು? ದಲೈ ಲಾಮಾ ಹಲವು ಬಾರಿ ಹೇಳಿರುವ ಒಂದು ಪ್ರಸಂಗವಿದೆ. ಹದಿನೆಂಟು ವರ್ಷ ಚೀನೀ ಸೆರೆಯಲ್ಲಿದ್ದು ಬಂದ ಭಿಕ್ಷುವೊಬ್ಬರು, ಅಲ್ಲಿ ತಮಗೆ ಒಮ್ಮೊಮ್ಮೆ ಅಪಾಯ ಎದುರಾಗಿತ್ತು ಎಂದರಂತೆ. ಜೀವದ ಅಪಾಯವಿರಬೇಕೆಂದುಕೊಂಡರೆ, ತಮ್ಮನ್ನು ಹಿಂಸಿಸುತ್ತಿದ್ದವರ ಮೇಲಿನ ಕರುಣೆಯನ್ನು ಕಳೆದುಕೊಳ್ಳುವ ಅಪಾಯವಂತೆ ಅದು!

ಇಂಥ ಮನಸ್ಸು ಒಂದು ದಿನದಲ್ಲಿ ಬರುವಂಥದ್ದಲ್ಲ. ಟಿಬೆಟಿನ ಬೌದ್ಧರಲ್ಲಿ 'ತೊಂಗ್ಲೆನ್' ಎಂಬ ಧ್ಯಾನವಿದೆ. ಉಸಿರು ಒಳಗೆಳೆಯುವಾಗ ಪರರ ನೋವನ್ನು ತೆಗೆದುಕೊಂಡಂತೆ, ಬಿಡುವಾಗ ತನ್ನ ಸುಖವನ್ನು ಅವರಿಗೆ ಕೊಟ್ಟಂತೆ ಭಾವಿಸಬೇಕು. ಆ 'ಪರ'ರಲ್ಲಿ ವೈರಿಯೂ ಸೇರಿದ್ದಾನೆ. ಮಗ್ಗಿಯಂತೆ ಇದನ್ನೂ ರೂಢಿಸಿಕೊಳ್ಳಬೇಕು.

ದೂರದ ಅಮೆರಿಕದ ಅಮಿಶ್ ಕ್ರೈಸ್ತರೂ ಇದನ್ನೇ ತೋರಿಸಿಕೊಟ್ಟರು. 2006ರ ಗಾಂಧಿ ಜಯಂತಿಯಂದೇ ಪೆನ್ಸಿಲ್ವೇನಿಯಾದ ನಿಕೆಲ್ ಮೈನ್ಸ್‌ನ ಅವರ ಪುಟ್ಟ ಶಾಲೆಗೆ ನುಗ್ಗಿದವನೊಬ್ಬ ಹತ್ತು ಹುಡುಗಿಯರ ಮೇಲೆ ಗುಂಡು ಹಾರಿಸಿ, ತಾನೂ ಸತ್ತ. ಐವರು ಮಕ್ಕಳು ಉಳಿಯಲಿಲ್ಲ. ಅಂದು ಸಂಜೆಯೇ ಅಮಿಶ್ ಹಿರಿಯರು ಕೊಲೆಗಾರನ ಹೆಂಡತಿಯನ್ನು ಕಂಡು ಸಾಂತ್ವನ ಹೇಳಿದರು. ಅವನ ಅಂತ್ಯಸಂಸ್ಕಾರಕ್ಕೂ ಹೋದರು. 'ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು' ಎಂಬ ಅರ್ಥದ ಪ್ರಾರ್ಥನೆ ಅವರ ನಿತ್ಯದ ಪಾಠ.

ಕ್ಷಮೆ ಎಂದರೆ ಮರೆಯುವುದಲ್ಲ, ಅನ್ಯಾಯವನ್ನು ಒಪ್ಪಿಕೊಳ್ಳುವುದೂ ಅಲ್ಲ. ಟಿಬೆಟನ್ನರು ಇಂದಿಗೂ ಪ್ರತಿ ವರ್ಷ ಮಾರ್ಚ್ 10ನ್ನು ನೆನೆಯುತ್ತಾರೆ, ತಮ್ಮ ಹಕ್ಕು ಕೇಳುತ್ತಾರೆ. ಬಿಟ್ಟಿರುವುದು ಹಗೆಯನ್ನು ಮಾತ್ರ.

ಕಳಸದವರಿಗೂ ಇದು ಹೊಸ ಮಾತಲ್ಲ. ಕಳಸ-ಕಾರ್ಕಳವನ್ನಾಳಿದ ಭೈರರಸರ ವಂಶದ ವೀರಪಾಂಡ್ಯ 1432ರಲ್ಲಿ ಕಾರ್ಕಳದಲ್ಲಿ ನಿಲ್ಲಿಸಿದ ಬಾಹುಬಲಿ, ಅಣ್ಣನ ಮೇಲೆ ಎತ್ತಿದ ಕೈಯನ್ನು ತಡೆದುಕೊಂಡವನು. ಆದರೆ ತೋಟದ ಬೇಲಿಯ ಜಗಳಕ್ಕೆ ದಾಯಾದಿಗಳ ಹೊಸ್ತಿಲು ತುಳಿಯದ ಹಿರಿಯರ ಮಾತನ್ನು ಮಕ್ಕಳು ಊಟದ ಹೊತ್ತಿನಲ್ಲಿ ದಿನವೂ ಕೇಳುತ್ತಿರುತ್ತಾರೆ. ಹಗೆಯೂ ಅಭ್ಯಾಸದಿಂದಲೇ ಬರುತ್ತದೆ. ಎರಡರಲ್ಲಿ ಯಾವ ಪಾಠ ಮನೆಯಲ್ಲಿ ನಡೆಯುತ್ತಿದೆ ಎಂದು ನೋಡಿಕೊಳ್ಳಬೇಕಾದವರು ಅಪ್ಪ ಅಮ್ಮಂದಿರೇ.