ಅಪ್ಪನ ಆಲ್ಟೋ, ನನ್ನ ಶೋಕಿ

ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನಗೆ ಕೆಲಸ ಸಿಕ್ಕಾಗ ಅಪ್ಪ ತಮ್ಮ 2013ರ ಆಲ್ಟೋ 800ರ ಕೀ ಕೈಗಿಟ್ಟರು. "ನನಗೆ ರಾತ್ರಿ ಹೊತ್ತು ಕಣ್ಣು ಸರಿಯಾಗಿ ಕಾಣಲ್ಲ ಕಣೋ, ಇನ್ಮೇಲೆ ನೀನೇ ಓಡಿಸು" ಅಂದರು.

ಕಾರು ಕೈಗೆ ಬಂದದ್ದೇ ತಡ, ನನ್ನ ಶೋಕಿ ಶುರುವಾಯ್ತು. ಸೀಟ್ ಕವರ್, ಟಚ್ ಸ್ಕ್ರೀನ್ ಸ್ಟೀರಿಯೊ, ಕೊನೆಗೆ ಆನ್‌ಲೈನಲ್ಲಿ ತರಿಸಿದ 100/90 ವ್ಯಾಟಿನ ಹೆಡ್‌ಲೈಟ್ ಬಲ್ಬು. ಕಾರಿನ ಜೊತೆ ಬಂದಿದ್ದದ್ದು 60/55 ವ್ಯಾಟಿನದು. ಅಪ್ಪ ಮಾತ್ರ "ಮೊದಲು ಬ್ರೇಕ್ ಪ್ಯಾಡ್ ನೋಡಿಸೋ" ಅಂತಿದ್ದರು. "ಮುಂದಿನ ತಿಂಗಳು ಅಪ್ಪಾ" ಅಂತ ನಾನು.

ಒಂದು ರಾತ್ರಿ ಹುಣಸೂರಿನಲ್ಲಿ ಮದುವೆ ಮುಗಿಸಿ ಅಪ್ಪ ಅಮ್ಮನ ಜೊತೆ ವಾಪಸ್ ಬರ್ತಿದ್ದೆ. ಬಿಳಿಕೆರೆ ದಾಟಿದ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಏನು ಅಂತ ನೋಡೋಷ್ಟರಲ್ಲಿ ಎರಡೂ ಹೆಡ್‌ಲೈಟ್ ಆರಿಹೋದವು. ಕಗ್ಗತ್ತಲು. ಬ್ರೇಕ್ ಒತ್ತಿದೆ, ಕರಕರ ಸದ್ದು ಮಾಡುತ್ತಾ ಕಾರು ನಾನಂದುಕೊಂಡದ್ದಕ್ಕಿಂತ ಎಷ್ಟೋ ಮುಂದೆ ಹೋಗಿ ರಸ್ತೆ ಪಕ್ಕದ ಮಣ್ಣಿನಲ್ಲಿ ನಿಂತಿತು. ಹಿಂದಿನಿಂದ ಅಮ್ಮ ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದರು. ಅಪ್ಪ ಬೈಯಲಿಲ್ಲ. "ನಿಂತಿತಲ್ಲ, ಸಾಕು" ಅಂದರು. ಬೈದಿದ್ದರೇ ವಾಸಿಯಿತ್ತು.

ಮರುದಿನ ಮನೆ ಹತ್ತಿರದ ಮೆಕ್ಯಾನಿಕ್ ಬಿಚ್ಚಿ ತೋರಿಸಿದರು. ಬಲ್ಬಿನ ಹೋಲ್ಡರ್, ಸ್ಟೀರಿಂಗ್ ಪಕ್ಕದ ಲೈಟ್ ಸ್ವಿಚ್ಚು ಎರಡೂ ಕರಗಿದ್ದವು. ಲೆಕ್ಕ ಸುಲಭ: 12 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬು 5 ಆಂಪಿಯರ್ ಎಳೆದರೆ, 100 ವ್ಯಾಟಿನದು 8 ದಾಟುತ್ತದೆ. ವೈರು ಮಾತ್ರ ಹಳೆಯದೇ. ಮುಂದಿನ ಬ್ರೇಕ್ ಪ್ಯಾಡು ಸವೆದು ಕಬ್ಬಿಣವೇ ಡಿಸ್ಕಿಗೆ ಉಜ್ಜುತ್ತಿತ್ತು.

"ಮೊದಲು ಗಾಡಿ ನಿಲ್ಲಬೇಕು, ಆಮೇಲೆ ದಾರಿ ಕಾಣಬೇಕು, ಶೋಕಿ ಕೊನೆಗೆ ಸರ್" ಅಂದರು ಅವರು.

ಅಸಲಿಗೆ ಬೆಳಕು ಮಂಕಾಗಿದ್ದಕ್ಕೆ ಕಾರಣ ಬಲ್ಬಲ್ಲ. ಹಳದಿಯಾದ ಗಾಜು, ತುಕ್ಕು ಹಿಡಿದ ಅರ್ಥ್ ವೈರು. ಗಾಜು ಪಾಲಿಶ್ ಮಾಡಿಸಿ, ಅರ್ಥ್ ಸರಿಪಡಿಸಿ, ರಿಲೇ ಹಾಕಿಸಿ, ಮತ್ತೆ 60/55 ಬಲ್ಬನ್ನೇ ಕೂರಿಸಿದೆವು. ಈಗ ರಸ್ತೆ ಚೆನ್ನಾಗಿ ಕಾಣುತ್ತೆ. ಪ್ಯಾಡನ್ನು ಈ ಸಲ ಕಂಪನಿ ಪಾರ್ಟ್ ನಂಬರ್ ಹಿಡಿದು, ಬಿಲ್ ಸಮೇತ ತಂದೆ.

ಅಗಲದ ಟೈರು, ಅಲಾಯ್ ಆಸೆಯನ್ನೂ ಬಿಟ್ಟೆ. 145/80 ಆರ್12 ಟೈರೇ ಸಾಕು. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಾಡಿಸೋ ಮುಂಚೆ ನೀವೂ ಒಮ್ಮೆ ವಿಚಾರಿಸಿ.

ಮೊನ್ನೆ ಸಂಜೆ ಅಪ್ಪ ಪಕ್ಕದಲ್ಲಿ ಕೂತು, "ಬೆಳಕು ಪರವಾಗಿಲ್ಲ ಕಣೋ, ಆದರೂ ನನಗೆ ಎದುರಿನ ಗಾಡಿ ಮಸುಕು ಮಸುಕು" ಅಂದರು. ಕಾರಿನ ಕಣ್ಣಿಗೆ ಅಷ್ಟು ಖರ್ಚು ಮಾಡಿದವನಿಗೆ ಅವರ ಕಣ್ಣು ತೋರಿಸಬೇಕು ಅಂತ ಹೊಳೆದೇ ಇರಲಿಲ್ಲ. ಈ ಶನಿವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ. ಮುಂದಿನ ತಿಂಗಳು ಅಂತ ಈ ಸಲ ಹೇಳಲಿಲ್ಲ.