ನೋವಿನ ಮನೆಗೆ ತಲುಪದ ಗುಳಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕ್ಯಾನ್ಸರ್ ರೋಗಿಯ ಕೊನೆಯ ದಿನಗಳು ಬಹುಮಟ್ಟಿಗೆ ಮನೆಯಲ್ಲಿಯೇ ಕಳೆಯುತ್ತವೆ. ‘ಇನ್ನು ಮನೆಗೆ ಕರೆದೊಯ್ಯಿರಿ’ ಎಂದು ನಗರದ ವೈದ್ಯರು ಹೇಳಿದ ಬಳಿಕ ಶುಶ್ರೂಷೆಯ ಭಾರ ಮಡದಿಗೋ ಸೊಸೆಗೋ ಬರುತ್ತದೆ. ಗಂಜಿ ಕುಡಿಸುವುದನ್ನು, ಹುಣ್ಣು ತೊಳೆಯುವುದನ್ನು, ಮಗ್ಗುಲು ಬದಲಿಸುವುದನ್ನು ಅವರು ಕಲಿತುಕೊಳ್ಳುತ್ತಾರೆ. ಆದರೆ ನೋವನ್ನು ಕೈಯಿಂದ ತೊಡೆಯಲಾಗದು. ಅದಕ್ಕೆ ಬೇಕಾದ ಮಾರ್ಫಿನ್ ಗುಳಿಗೆ ದುಬಾರಿಯದೇನಲ್ಲ. ನಾಲ್ಕು ತಾಸಿಗೊಮ್ಮೆ ಕೊಟ್ಟರೆ ಎಷ್ಟೋ ರೋಗಿಗಳು ನಿದ್ರಿಸಬಲ್ಲರು. ಅದರ ಮೂಲವಾದ ಅಫೀಮನ್ನು ಭಾರತವೇ ಬೆಳೆಯುತ್ತದೆ; ನೀಮಚ್, ಗಾಜೀಪುರಗಳಲ್ಲಿ ಸರಕಾರದ್ದೇ ಕಾರ್ಖಾನೆಗಳಿವೆ.

ಅಡ್ಡಿ ಬಂದದ್ದು 1985ರ ಮಾದಕ ದ್ರವ್ಯ ಕಾಯ್ದೆಯಿಂದ. ಕಳ್ಳಸಾಗಣೆದಾರನನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದ ಆ ಕಾಯ್ದೆ ಕನಿಷ್ಠ ಹತ್ತು ವರ್ಷಗಳ ಸೆರೆವಾಸವನ್ನು ವಿಧಿಸಿತು. ಆಸ್ಪತ್ರೆಯೊಂದು ಗುಳಿಗೆ ತರಿಸಬೇಕಾದರೆ ಅಬಕಾರಿ, ಔಷಧ ನಿಯಂತ್ರಣ ಮೊದಲಾದ ಇಲಾಖೆಗಳಿಂದ ನಾಲ್ಕಾರು ಪರವಾನಿಗೆಗಳು ಬೇಕಾಗಿದ್ದವು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ವೈದ್ಯರು ಬರೆದುಕೊಡಲು ಅಂಜಿದರು, ಅಂಗಡಿಯವರು ಇಡುವುದನ್ನೇ ಬಿಟ್ಟರು. 1997ರಲ್ಲಿ ಇಡೀ ದೇಶದ ವೈದ್ಯಕೀಯ ಬಳಕೆ ಕೇವಲ 18 ಕಿಲೋಗ್ರಾಂಗೆ ಇಳಿದಿತ್ತು.

ನಿಯಂತ್ರಣವೇ ಬೇಡವೆನ್ನುವುದು ಅವಿವೇಕ. ಅಮೆರಿಕದಲ್ಲಿ ಇಂಥ ಔಷಧಗಳ ಅಂಕೆಯಿಲ್ಲದ ಮಾರಾಟ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಆದರೆ ಇಲ್ಲಿ ಕಾವಲು ಬಿಗಿಯಾದಾಗ ಸಿಕ್ಕಿಬಿದ್ದವನು ಕಳ್ಳನಲ್ಲ, ರೋಗಿ.

2014ರ ತಿದ್ದುಪಡಿ ಈ ತಪ್ಪನ್ನು ಒಪ್ಪಿಕೊಂಡಿತು. ಮಾರ್ಫಿನ್ ‘ಅತ್ಯಾವಶ್ಯಕ’ ಔಷಧವೆನಿಸಿತು. ಅನೇಕ ಪರವಾನಿಗೆಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕೆಂದಾಯಿತು. ಮಾನ್ಯತೆಗೆ ತರಬೇತಿ ಹೊಂದಿದ ವೈದ್ಯರಿರಬೇಕು, ದಾಸ್ತಾನಿನ ಲೆಕ್ಕವಿರಬೇಕು. ಲಾಭ ತಾರದ ಗುಳಿಗೆಗಾಗಿ ಇಷ್ಟು ಹೊಣೆ ಹೊರಲು ಸಣ್ಣ ಊರಿನ ಖಾಸಗಿ ದವಾಖಾನೆ ಮುಂದಾಗದಿದ್ದರೆ ಆಶ್ಚರ್ಯವೇನು? ಅಂಥ ಕಡೆ ದಾರಿ ಒಂದೇ: ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರು. ರೋಗಿ ಬಸ್ಸು ಹತ್ತಲಾರ. ಹೋಗುವವರು ಆ ದಿನದ ಕೂಲಿಯನ್ನೂ, ಅವನ ಆರೈಕೆಯನ್ನೂ ಬಿಟ್ಟು ಹೋಗಬೇಕು. ಇದೇ ಕಾಯ್ದೆಯ ಕೆಳಗೆ, 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ನೋವುಶಮನ ಸಂಸ್ಥೆ ನೆರೆಹೊರೆಯ ಸ್ವಯಂಸೇವಕರನ್ನು ಕೂಡಿಕೊಂಡು ಮನೆಮನೆಗೆ ಹೋಯಿತು. ಬೆಳಗಾವಿ ಜಿಲ್ಲೆಯ ತಾಲೂಕಾ ಸರಕಾರಿ ಆಸ್ಪತ್ರೆಗಳಿಗೂ ಇದು ಅಸಾಧ್ಯವಲ್ಲ.

ರೋಗಿ ತೀರಿಕೊಂಡ ಮೇಲೂ ಒಂದು ಇಕ್ಕಟ್ಟು ಉಳಿಯುತ್ತದೆ. ಔಷಧದಾನವನ್ನು ಪರಮದಾನಗಳಲ್ಲಿ ಎಣಿಸುವ ಮನೆತನದವರೂ ಮಿಕ್ಕ ಗುಳಿಗೆಗಳನ್ನು ಅದೇ ಓಣಿಯಲ್ಲಿ ನರಳುವ ಇನ್ನೊಬ್ಬರಿಗೆ ಕೊಡುವಂತಿಲ್ಲ. ಕೊಟ್ಟರೆ ಅದು ಅಪರಾಧ. ತಂದ ಸಂಸ್ಥೆಗೇ ಅವನ್ನು ಮರಳಿಸಲು ಮತ್ತೆ ಬಸ್ಸು ಹತ್ತಬೇಕು.