ಕತ್ತರಿಸಲಾಗದ ಗಾಜು

ಬೆಂಗಳೂರಿನ ಶಿವಾಜಿನಗರದ ಗುಜರಿ ಮೊದಲಿನಂತಿಲ್ಲ ಎಂಬ ಮಾತು ಹೊರಟರೆ ಕಾರಣಗಳು ಸಾಲುಗಟ್ಟಿ ಬರುತ್ತವೆ. ರಸ್ತೆ ಮೇಲೆ ಕಾರು ಬಿಚ್ಚಲು ಪೊಲೀಸರು ಬಿಡುವುದಿಲ್ಲ, ಮೆಟ್ರೊ ಕೆಲಸದಿಂದ ಬಸ್ ನಿಲ್ದಾಣದ ಸುತ್ತಮುತ್ತ ಓಡಾಟ ಕಷ್ಟವಾಯಿತು, ಕಂಪನಿಗಳೇ ಊರ ತುಂಬ ಸರ್ವಿಸ್ ಸೆಂಟರ್ ತೆರೆದವು, ಗಿರಾಕಿಗಳು ಮೊಬೈಲ್‌ನಲ್ಲೇ ಸಾಮಾನು ತರಿಸಿಕೊಳ್ಳುತ್ತಾರೆ. ಯಾವುದೂ ಸುಳ್ಳಲ್ಲ. ಆದರೆ ಇವೆಲ್ಲ ಅಂಗಡಿಯ ಹೊರಗಿನ ಕಾರಣಗಳು. ರಸೆಲ್ ಮಾರ್ಕೆಟ್, ಬ್ರಾಡ್‌ವೇ ರಸ್ತೆಯ ಸುತ್ತಲ ಓಣಿಗಳಲ್ಲಿ ಈ ವ್ಯಾಪಾರವನ್ನು ಅಂಬಾಸಿಡರ್ ಕಾಲದಿಂದ ನೋಡುತ್ತ ಬಂದವರಿಗೆ ಒಳಗಿನ ಕಾರಣವೊಂದು ಕಾಣುತ್ತದೆ: ಅಂಗಡಿಗಿಂತ ಮೊದಲು ಬದಲಾದದ್ದು ಮಾಲು. ಎಂಜಿನ್, ಗೇರ್‌ಬಾಕ್ಸ್ ಎತ್ತಿಕೊಂಡರೆ ಮಾತು ಎಲ್ಲಿಗೋ ಹೋಗುತ್ತದೆ. ಕಾರಿನ ಪಕ್ಕದ ಬಾಗಿಲಿನ ಗಾಜು ಒಂದನ್ನೇ ಹಿಡಿದು ನೋಡೋಣ. ಗುಜರಿಯನ್ನು ಬೆಳೆಸಿದ್ದು ಆ ಗಾಜಿನ ಗುಣ. ಈಗ ಅದನ್ನು ಸೊರಗಿಸುತ್ತಿರುವುದೂ ಬಹುಪಾಲು ಅದರ ಗುಣವೇ.

ಅಂಬಾಸಿಡರ್, ಫಿಯಟ್ ಆಳುತ್ತಿದ್ದಾಗ ಬಾಗಿಲ ಗಾಜಿಗೆ ಗುಜರಿಯ ಹಂಗು ಅಷ್ಟಾಗಿ ಇರಲಿಲ್ಲ. 1958ರಲ್ಲಿ ಬಂದ ಅಂಬಾಸಿಡರ್ 2014ರಲ್ಲಿ ನಿಲ್ಲುವವರೆಗೂ ಬಾಗಿಲಿನ ಮೂಲ ಆಕಾರವನ್ನು ಬಿಟ್ಟುಕೊಡಲಿಲ್ಲ. ಫಿಯಟ್ ಎಂದೇ ಜನ ಕರೆಯುತ್ತಿದ್ದ ಪದ್ಮಿನಿಯದೂ ಹೆಚ್ಚುಕಡಿಮೆ ಅದೇ ಕತೆ. ಎರಡರ ಗಾಜೂ ಚಪ್ಪಟೆ. ಕಂಪನಿ ಗಾಜು ಸಿಗದಿದ್ದರೆ ರಟ್ಟಿನ ಮೇಲೆ ನಮೂನೆ ಬರೆದು, ಅದರಂತೆ ಸಾದಾ ಗಾಜನ್ನು ಕತ್ತರಿಸಿ, ಅಂಚನ್ನು ಉಜ್ಜಿ ಕೂರಿಸಿಕೊಡುವವರು ಇದ್ದರು. ಕಿಟಕಿಯ ಗಾಜು ಕತ್ತರಿಸುವ ಕೈಗೇ ಕಾರಿನ ಗಾಜೂ ಒಗ್ಗುತ್ತಿತ್ತು. ಅದು ಅಪಾಯದ ಕೆಲಸ, ಏಕೆಂದರೆ ಸಾದಾ ಗಾಜು ಒಡೆದರೆ ಉದ್ದುದ್ದ ಚೂರಿಗಳಾಗುತ್ತದೆ. ಅಪಘಾತದಲ್ಲಿ ಕತ್ತಿನ ಪಕ್ಕದಲ್ಲೇ ಅವು ಇರುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಗಾಳಿತಡೆಗೂ ಕಿಟಕಿಗಳಿಗೂ ಸುರಕ್ಷಾ ಗಾಜೇ ಇರಬೇಕೆಂದಿತು. ಹಳೆಯ ಕುಶಲತೆ ಹೋಯಿತೆಂದು ಮರುಗುವವರಿದ್ದಾರೆ. ಹೋದದ್ದು ಒಳ್ಳೆಯದೇ ಆಯಿತು.

ಸುರಕ್ಷಾ ಗಾಜಿನಲ್ಲಿ ಪಕ್ಕದ ಬಾಗಿಲಿಗೆ ಬಂದದ್ದು ಟೆಂಪರ್ಡ್ ಗಾಜು. ಮೊದಲೇ ಅಳತೆಗೆ ಕತ್ತರಿಸಿ, ತೂತು ಬೇಕಾದರೆ ಅದನ್ನೂ ಕೊರೆದು, 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಬೇಕಾದ ಬಾಗು ಕೊಟ್ಟು, ಎರಡೂ ಮೈಗೆ ಜೋರಾಗಿ ಗಾಳಿ ಹೊಡೆದು ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗು ಆಮೇಲೆ ತಣಿಯುತ್ತ ಅದನ್ನು ಒಳಕ್ಕೆ ಎಳೆಯುತ್ತದೆ. ಆ ಎಳೆತವೇ ಅದರ ಬಲ. ಹೊರಮೈಯ ಬಿಗಿಯನ್ನು ದಾಟಿ ಪೆಟ್ಟು ಒಳಗೆ ಹೋದರೆ ಇಡೀ ಹಾಳೆ ಒಂದೇ ಕ್ಷಣದಲ್ಲಿ ಕಲ್ಲುಸಕ್ಕರೆಯಂಥ ಚೂರುಗಳಾಗಿ ಉದುರುತ್ತದೆ. ಇದರಿಂದ ಎರಡು ಸಂಗತಿ ಹುಟ್ಟುತ್ತವೆ. ಒಂದು, ತಯಾರಾದ ಮೇಲೆ ಇದನ್ನು ಕೂದಲೆಳೆಯಷ್ಟೂ ಕತ್ತರಿಸುವಂತಿಲ್ಲ. ಎರಡು, ಇದನ್ನು ರಿಪೇರಿ ಮಾಡುವಂತೆಯೂ ಇಲ್ಲ. ಮುಂದಿನ ಗಾಜು ಎರಡು ಹಾಳೆ ಅಂಟಿಸಿದ ಲ್ಯಾಮಿನೇಟೆಡ್, ಅದರ ಸಣ್ಣ ಬಿರುಕಿಗೆ ರಾಳ ತುಂಬಿ ಕೆಲಸ ಮುಗಿಸಬಹುದು. ಬಾಗಿಲ ಗಾಜಿನಲ್ಲಿ ಬಿರುಕು ಎಂಬ ನಡುವಣ ಸ್ಥಿತಿಯೇ ಇಲ್ಲ, ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಪೂರ್ತಿ ಇಲ್ಲ. ಹಾಗಾಗಿ ಗಾಜು ಒಡೆದವನಿಗೆ ಬೇಕಾಗುವುದು ಅದೇ ಕಾರಿನ, ಅದೇ ಶೇಪಿನ, ಅದೇ ಬಾಗಿಲಿನ ಗಾಜು. ಅದು ಹೊಸದಾಗಿ ಸಿಗದಿದ್ದರೆ ಇರುವುದು ಕಟಿಂಗ್‌ಗೆ, ಅಂದರೆ ಬಿಚ್ಚಿ ಮಾರಲು, ಹೋದ ಇನ್ನೊಂದು ಕಾರಿನಲ್ಲಿ ಮಾತ್ರ. 1983ರ ಕೊನೆಗೆ ಮಾರುತಿ 800, 1990ರ ದಶಕದಲ್ಲಿ ಎಸ್ಟೀಮ್, ಎಸ್ಕಾರ್ಟ್, ಹೋಂಡಾ ಸಿಟಿ, ಸ್ಯಾಂಟ್ರೊ ಎಂದು ಕಾರುಗಳ ಜಾತಿ ಹೆಚ್ಚಿದಷ್ಟೂ ಈ ಲೆಕ್ಕ ಗುಜರಿಯ ಪರವಾಗಿಯೇ ಹೋಯಿತು. ಗಾಜು ಕತ್ತರಿಸುವವನ ಅಂಗಡಿ ಸೋತಲ್ಲಿ ಕಾರು ಬಿಚ್ಚುವವನ ಅಂಗಡಿ ಗೆದ್ದಿತು.

ದುಬಾರಿ ಸೆಡಾನ್‌ಗಳು ಬಂದಾಗ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಮರ್ಸಿಡಿಸ್ ಬೆಂಜ್ 1995ರಲ್ಲಿ ಪುಣೆಯಲ್ಲಿ ಇ-ಕ್ಲಾಸ್ ಜೋಡಿಸತೊಡಗಿತು. 2007ರಲ್ಲಿ ಚೆನ್ನೈ ಬಳಿ ಬಿಎಂಡಬ್ಲ್ಯು ಕಾರ್ಖಾನೆ ಶುರುವಾಯಿತು, ಆಡಿ ಕೂಡ ಅದೇ ಹೊತ್ತಿಗೆ ಬಂತು. ಇಂದಿರಾನಗರ, ಕೋರಮಂಗಲದ ಮನೆಗಳ ಮುಂದೆ ಇವು ಸಾಮಾನ್ಯವಾದವು. ಆದರೆ ರಸ್ತೆಯಲ್ಲಿರುವ ಒಟ್ಟು ಕಾರುಗಳಲ್ಲಿ ಇವುಗಳ ಪಾಲು ಚಿಕ್ಕದು, ಆರೇಳು ವರ್ಷಕ್ಕೊಮ್ಮೆ ಶೇಪು ಬದಲು, ಒಂದು ಶೇಪಿನ ಗಾಜು ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಯವರು ಕಾರಿನ ಹೆಸರು ಬಿಟ್ಟು ‘ಟೂ ಇಲೆವೆನ್’, ‘ಟೂ ಟ್ವೆಲ್’, ‘ಇ ನೈಂಟಿ’ ಎಂದು ಕಂಪನಿಯೊಳಗಿನ ನಂಬರಿನಲ್ಲೇ ಮಾತಾಡಲು ಕಲಿತದ್ದು ಈ ಕಾಲದಲ್ಲಿ. ಗಾಜಿನ ಮೂಲೆಯ ಮೊನೊಗ್ರಾಮ್ ಓದುವುದನ್ನೂ ಕಲಿತರು. ಅಲ್ಲಿ ಸೆಕ್ಯುರಿಟ್, ಪಿಲ್ಕಿಂಗ್ಟನ್, ಎಐಎಸ್ ಎಂದು ಮಾಡಿದವರ ಗುರುತು. ಯುರೋಪಿನ ಒಪ್ಪಿಗೆಯ 43ಆರ್ ಅಂಕಿ. ಟೆಂಪರ್ಡೋ ಲ್ಯಾಮಿನೇಟೆಡ್ಡೋ ಎಂಬ ಸುಳಿವು. ಕೆಳಗೆ ವರ್ಷಕ್ಕೊಂದು ಅಂಕಿ, ತಿಂಗಳಿಗೆ ಚುಕ್ಕೆಗಳು. ವರ್ಷ ಒಂದೇ ಅಂಕಿಯಲ್ಲಿದ್ದರೆ 2006ಕ್ಕೂ 2016ಕ್ಕೂ ಬರುವುದು ಅದೇ 6. ಯಾವ ಆರು ಎಂಬುದನ್ನು ಕಾರಿನ ಶೇಪು ನೋಡಿ ಹೇಳಬೇಕು. ಬಣ್ಣ ಹೊಂದಿಸುವುದು ಇನ್ನೊಂದು ಪರೀಕ್ಷೆ. ತಿಳಿ ಹಸಿರಿನ ಮೂರು ಗಾಜಿನ ನಡುವೆ ಬೂದುಬಣ್ಣದ ಒಂದು ಕೂತರೆ ಐವತ್ತು ಲಕ್ಷದ ಕಾರೂ ಅಪಘಾತದ ಗಾಡಿಯಂತೆ ಕಾಣುತ್ತದೆ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ತಡೆ ಹಾಕುವವರೆಗೆ ಈ ಭೇದವನ್ನು ಫಿಲ್ಮು ಮುಚ್ಚುತ್ತಿತ್ತು. ತಡೆ ಬಂದ ಮೇಲೆ ಹಳೆಯ ಗಾಜಿನ ಅಂಟು ಕೆರೆದು ನಿಜಬಣ್ಣ ನೋಡಿಯೇ ಕೊಡಬೇಕಾಯಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇಂಥ ಕಾರಿನ ಬಾಗಿಲನ್ನು ಬೀದಿ ಬದಿಯಲ್ಲಿ ಬಿಚ್ಚುವುದು ಸರಿಯೇ? ಕೆಲಸವನ್ನು ಹತ್ತಿರದಿಂದ ನೋಡಿದರೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಹಿಡಿಕೆಯ ಮರೆಯ ಸ್ಕ್ರೂ ತೆಗೆದು ಡೋರ್ ಪ್ಯಾಡನ್ನು ಕ್ಲಿಪ್ಪುಗಳಿಂದ ಬಿಡಿಸಬೇಕು. ಒಳಗೆ ನೀರು ತಡೆಯುವ ಹಾಳೆ ಅಥವಾ ಮುಚ್ಚಳ, ಅದರ ಹಿಂದೆ ಗಾಜನ್ನು ಏರಿಸಿ ಇಳಿಸುವ ಮೆಷಿನ್, ಮೋಟಾರು. ಒಡೆದ ಚೂರಿನ ಅರ್ಧ ಸೀಟಿನ ಮೇಲಿದ್ದರೆ ಉಳಿದರ್ಧ ಬಾಗಿಲಿನ ತಳದಲ್ಲಿರುತ್ತದೆ. ಅದನ್ನು ಕೈಬಿಟ್ಟರೆ ಬಾಗಿಲು ಹಾಕಿದಾಗಲೆಲ್ಲ ಗಲಗಲ ಸದ್ದು. ನೀರು ಹೋಗುವ ತೂತು ಕಟ್ಟಿಕೊಂಡು ಎರಡು ಮಳೆಗಾಲದಲ್ಲಿ ತಗಡಿಗೆ ತುಕ್ಕು. ಗಾಜು ಜಾರುವ ರಬ್ಬರಿನಲ್ಲಿ ಒಂದು ಚೂರು ಉಳಿದರೆ ಹೊಸ ಗಾಜಿನ ಮೇಲೆ ಮೊದಲ ದಿನವೇ ಉದ್ದಗೆರೆ. ಗಾಜು ಕೂರಿಸುವುದಕ್ಕಿಂತ ಚೂರು ತೆಗೆಯುವುದೇ ದೊಡ್ಡ ಕೆಲಸ, ಮತ್ತು ಇದರಲ್ಲಿ ಗುಜರಿಯ ಹುಡುಗರ ತಾಳ್ಮೆ ಗಂಟೆಯ ಲೆಕ್ಕದಲ್ಲಿ ಕೂಲಿ ಹಿಡಿಯುವ ವರ್ಕ್‌ಶಾಪಿಗಿಂತ ಹೆಚ್ಚು. ಆದರೆ ಇತ್ತೀಚಿನ ಅನೇಕ ಜರ್ಮನ್ ಕಾರುಗಳಲ್ಲಿ ಬಾಗಿಲೊಳಗಿನ ಗಾಳಿಯ ಒತ್ತಡ ಅಳೆದು ಪಕ್ಕದ ಏರ್‌ಬ್ಯಾಗಿಗೆ ಸುದ್ದಿ ಕೊಡುವ ಸೆನ್ಸರ್ ಇರುತ್ತದೆ. ಒಳಮುಚ್ಚಳವನ್ನು ಸರಿಯಾಗಿ ಅಂಟಿಸದೆ ಬಿಟ್ಟರೆ ಒತ್ತಡ ಸೋರುತ್ತದೆ, ಸೆನ್ಸರಿನ ಅಂದಾಜು ಕೆಡಬಹುದು. ಗಾಜು ಮೇಲೇರುವಾಗ ಬೆರಳು ಸಿಕ್ಕರೆ ತಾನೇ ಇಳಿಯುವ ವ್ಯವಸ್ಥೆಗೂ ಹೊಸ ಗಾಜಿನ ಮೇಲಿನ ಗಡಿ, ಕೆಳಗಿನ ಗಡಿ ಕಲಿಸಬೇಕು. ಇಲ್ಲಿ ಆಕ್ಷೇಪ ನ್ಯಾಯವಾದದ್ದು. ಅದರಿಂದ ಹೊರಡುವ ತೀರ್ಮಾನ ಮಾತ್ರ ಬೇರೆ: ಕೂರಿಸುವ ಕೆಲಸ ಬಲ್ಲವರ ಬಳಿ ಆಗಲಿ, ಕೂರಿಸುವ ಗಾಜು ಗುಜರಿಯದಾಗಿರಬಾರದು ಎಂದು ಇದು ಹೇಳುವುದಿಲ್ಲ. ನಮ್ಮಲ್ಲಿ ಈ ಎರಡನ್ನೂ ಒಂದೇ ಗಂಟು ಕಟ್ಟಿ ಆಚೆ ಎಸೆಯುತ್ತೇವೆ.

ಹಳೆಯ ಗಾಜು ಎಂದ ಕೂಡಲೇ ಮೂಗು ಮುರಿಯುವವರಿಗೆ ವಿಮೆಯ ಪಟ್ಟಿಯನ್ನೇ ತೋರಿಸಬಹುದು. ನಮ್ಮ ಮೋಟಾರು ವಿಮೆಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ 50, ಫೈಬರ್ ಗ್ಲಾಸ್‌ಗೆ ಶೇ 30 ಸವಕಳಿ ಕಳೆಯುತ್ತಾರೆ; ಗಾಜಿಗೆ ಸೊನ್ನೆ. ಗಾಜಿಗೆ ವಯಸ್ಸಾಗುವುದಿಲ್ಲ ಎಂದು ಹಣದ ಲೆಕ್ಕದಲ್ಲಿ ಬಿಗಿಯಾದ ವಿಮಾ ಲೋಕವೇ ಒಪ್ಪಿಕೊಂಡಿದೆ. ಟೆಂಪರ್ಡ್ ಗಾಜಿನ ಮಟ್ಟಿಗೆ ಇದು ನಿಜ: ಅಂಚಿನಲ್ಲಿ ಚಕ್ಕೆ ಎದ್ದಿಲ್ಲ, ಮೈಯಲ್ಲಿ ಆಳದ ಗೀರಿಲ್ಲ ಎಂದು ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದರೆ ಹತ್ತು ವರ್ಷದ ಗಾಜಿಗೂ ಹೊಸದಕ್ಕೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಫ್ರಾನ್ಸ್ ಇದನ್ನು ಕಾನೂನಿಗೇ ತಂದಿದೆ. 2017ರಿಂದ ಅಲ್ಲಿನ ಗ್ಯಾರೇಜುಗಳು ಗಿರಾಕಿಗೆ ಬಳಸಿದ ಬಿಡಿಭಾಗದ ಆಯ್ಕೆಯನ್ನೂ ಕೊಡಬೇಕು, ಮತ್ತು ಆ ಪಟ್ಟಿಯಲ್ಲಿ ಅಂಟು ಹಾಕದೆ ಕೂರಿಸುವ ಗಾಜು ಸೇರಿದೆ. ಮುಂದಿನ ಗಾಜು ಅಂಟಿನದು, ಬಿಚ್ಚುವಾಗಲೇ ಕೆಡಬಹುದು, ಬಾಗಿಲಿನದು ಹಾಗಲ್ಲ. ಈ ವಿವೇಕ ಶಿವಾಜಿನಗರಕ್ಕೆ ಯಾವ ಕಾನೂನೂ ಹೇಳಿಕೊಡದೆ ಬಂದಿತ್ತು.

ಹಾಗೆಂದು ಈ ಮಾತನ್ನು ಎಲ್ಲ ಗಾಜಿಗೂ ಎಳೆಯಲಾಗದು, ಗುಜರಿ ಸೊರಗುವ ಕತೆ ಇಲ್ಲೇ ಇದೆ. 1991ರ ಮರ್ಸಿಡಿಸ್ ಎಸ್-ಕ್ಲಾಸ್ ಪಕ್ಕದ ಕಿಟಕಿಗಳಿಗೆ ನಡುವೆ ಗಾಳಿಯ ತೆರಪಿರುವ ಜೋಡಿ ಗಾಜು ಹಾಕಿತ್ತು. ಆಮೇಲೆ ದುಬಾರಿ ಸೆಡಾನ್‌ಗಳು ಒಂದೊಂದಾಗಿ ಬಾಗಿಲಿಗೂ ಲ್ಯಾಮಿನೇಟೆಡ್ ಗಾಜಿಗೆ ಹೊರಳಿದವು: ಎರಡು ತೆಳು ಹಾಳೆ, ನಡುವೆ ಪ್ಲಾಸ್ಟಿಕ್ ಪದರ. ಸದ್ದು ಕಡಿಮೆ, ಕಳ್ಳನಿಗೆ ಕಷ್ಟ, ಅಪಘಾತದಲ್ಲಿ ಒಳಗಿದ್ದವರು ಹೊರಗೆ ಎಸೆಯಲ್ಪಡುವ ಭಯವೂ ಕಡಿಮೆ. ತುರ್ತಿನಲ್ಲಿ ಸುತ್ತಿಗೆಯಿಂದ ಒಡೆದು ಹೊರಬರುವುದು ಮಾತ್ರ ಬಹಳ ಕಷ್ಟ. ಈ ಪ್ಲಾಸ್ಟಿಕ್ ಪದರಕ್ಕೆ ವಯಸ್ಸಾಗುತ್ತದೆ. ಅಂಚಿನಿಂದ ತೇವ ಹೊಕ್ಕು ಹಾಲಿನಂತೆ ಬೆಳ್ಳಗಾಗಿ ಪದರ ಬಿಡತೊಡಗುತ್ತದೆ. ಹೀಗಾಗಿ ಹಳೆಯ ಕಾರಿನಿಂದ ಬಿಚ್ಚಿದ ಗಾಜೆಲ್ಲ ಇನ್ನು ಮಾರುವ ಮಾಲಲ್ಲ. ಅಂಚು ಬೆಳ್ಳಗಾದ ಗಾಜನ್ನು ಮಾರುವ ಅಂಗಡಿಯನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕದ್ದ ಮಾಲಿನದು. ಗುಜರಿಗೆ ಆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ; ನಾಲ್ಕೂ ಗಾಜಿನ ಮೇಲೆ ಕಾರಿನ ನಂಬರು ಕೊರೆಸಿಕೊಳ್ಳುವ ರೂಢಿ ಒಮ್ಮೆ ಹಬ್ಬಿದ್ದಕ್ಕೆ ಕಳ್ಳತನದ ಭಯವೇ ಕಾರಣ. ಆದರೆ ಕಳ್ಳಮಾಲು ನುಸುಳುವ ಬಿರುಕು ಅಂಗಡಿಯಲ್ಲಿ ಇರುವಷ್ಟೇ ಕಾಗದದಲ್ಲೂ ಇದೆ. ಕಾರು ನಾಶವಾದರೆ ಅಥವಾ ಬಳಕೆಗೆ ಬಾರದಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ಪತ್ರ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಇದನ್ನು ತಿಳಿದ ಮಾಲೀಕರು ಕಡಿಮೆ, ಪಾಲಿಸುವವರು ಇನ್ನೂ ಕಡಿಮೆ. ಕಾರು ಕೊಡುವವನು ಕಾಗದ ಮುಗಿಸಿ ಕೊಟ್ಟು, ಅಂಗಡಿಯವನು ಬಿಲ್ಲಿನಲ್ಲಿ ಆ ಕಾರಿನ ಚಾಸಿ ನಂಬರು ಬರೆದರೆ ಒಂದು ಗಾಜಿನ ಜಾತಕ ತಿಳಿಯಲು ಬೇರೇನೂ ಬೇಕಿಲ್ಲ. ಅಷ್ಟೆಲ್ಲ ಬರೆಯುವ ಪುರುಸೊತ್ತು ಚಿಲ್ಲರೆ ಅಂಗಡಿಗೆ ಎಲ್ಲಿಂದ ಎನ್ನುವವರು, ಆ ಅಂಗಡಿಯವರು ಯಾವ ಗಾಜು ಯಾವ ಬಾಗಿಲಿನದೆಂದು ಸೀಮೆಸುಣ್ಣದಲ್ಲೋ ಪೇಂಟಿನಲ್ಲೋ ಬರೆದಿಡುವುದನ್ನು ಗಮನಿಸಬೇಕು.

ಬೆಂಜ್ ಓಡಿಸುವವನಿಗೆ ಗುಜರಿ ಏಕೆ ಬೇಕು ಎಂಬ ವ್ಯಂಗ್ಯಕ್ಕೂ ಲೆಕ್ಕವೇ ಉತ್ತರ. ಹೊಸದಾಗಿ ಕೊಂಡ ದಿನ ಬೇಡ. ಆದರೆ ಹತ್ತು ವರ್ಷ ಕಳೆದು ಮೂರನೆಯ ಮಾಲೀಕನ ಕೈಗೆ ಬಂದ ಕಾರಿನ ಬೆಲೆ ಹೊಸ ಸಣ್ಣ ಕಾರಿನಷ್ಟು, ಬಿಡಿಭಾಗದ ಬೆಲೆ ಮಾತ್ರ ಇಳಿದಿರುವುದಿಲ್ಲ. ಐದು ವರ್ಷ ಕ್ಲೈಮ್ ಇಲ್ಲದೆ ಕಳೆದವನಿಗೆ ಶೇ 50ರಷ್ಟು ನೋ ಕ್ಲೈಮ್ ಬೋನಸ್ ಇರುತ್ತದೆ. ಅದನ್ನು ಕಾಯುವ ಆ್ಯಡ್-ಆನ್ ಇಲ್ಲದಿದ್ದರೆ ಒಂದು ಗಾಜಿಗೆ ಕ್ಲೈಮ್ ಹಾಕಿದರೂ ಮುಂದಿನ ನವೀಕರಣದಲ್ಲಿ ಅದು ಸೊನ್ನೆ. ಕಾರಿನಲ್ಲಿಟ್ಟ ಲ್ಯಾಪ್‌ಟಾಪಿಗಾಗಿ ಯಾರೋ ಗಾಜು ಒಡೆದು ಹೋದರೆ, ಹೊಸ ಗಾಜು ಹೊರದೇಶದಿಂದ ಬರುವವರೆಗೆ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಮಳೆಯಲ್ಲಿ ಓಡಾಡಬೇಕು. ಹೀಗಾಗಿ ಮೊನೊಗ್ರಾಮಿನ ಫೋಟೊ ಈಗಲೂ ಶಿವಾಜಿನಗರದಿಂದ ಚೆನ್ನೈನ ಪುದುಪೇಟೆಗೆ, ದಿಲ್ಲಿಯ ಮಾಯಾಪುರಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ, ಗಾಜು ಪಾರ್ಸೆಲ್‌ನಲ್ಲಿ ಬರುತ್ತದೆ.

ಮುಂದಿನ ದಾರಿಯೆಂದು ಸರ್ಕಾರ ತೋರಿಸುತ್ತಿರುವುದು 2021ರ ಸೆಪ್ಟೆಂಬರ್‌ನ ವಾಹನ ಗುಜರಿ ನಿಯಮಗಳನ್ನು. ನೋಂದಾಯಿತ ಘಟಕಗಳು ಕದ್ದ ವಾಹನಗಳ ದಾಖಲೆಯೊಂದಿಗೆ ತಾಳೆ ನೋಡಬೇಕು, ಎಣ್ಣೆ, ಅನಿಲಗಳನ್ನು ಸುರಕ್ಷಿತವಾಗಿ ಇಳಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಎಲ್ಲವೂ ಬೇಕಾದದ್ದೇ, ಓಣಿಯ ಅಂಗಡಿಗೆ ಇವು ಎಟುಕುವುದಿಲ್ಲ ಎಂಬುದೂ ಖಚಿತ. ಆದರೆ 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯನ್ನು ನೆನೆಯಿರಿ. ಯಮಲೂರು, ಬೆಳ್ಳಂದೂರು ಕಡೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಕಿಟಕಿಯ ಮಟ್ಟಕ್ಕೆ ಮುಳುಗಿದವು. ರಿಪೇರಿ ಖರ್ಚು ವಿಮೆಯ ಮೌಲ್ಯದ ಶೇ 75 ದಾಟಿದ ಕಾರನ್ನು ವಿಮಾ ಕಂಪನಿ ಟೋಟಲ್ ಲಾಸ್ ಎಂದು ಬರೆಯುತ್ತದೆ. ನೀರು ಎಂಜಿನ್ನನ್ನೂ ವೈರಿಂಗನ್ನೂ ಕೆಡಿಸುತ್ತದೆ, ಟೆಂಪರ್ಡ್ ಗಾಜಿಗೆ ಏನೂ ಮಾಡುವುದಿಲ್ಲ. ಅಂಥ ಒಂದು ಕಾರು ಯಂತ್ರದ ಬಾಯಿಗೆ ಹೋಗುವ ಮುನ್ನ ಅದರ ನಾಲ್ಕು ಬಾಗಿಲ ಗಾಜನ್ನು ಬಿಚ್ಚಿ, ಮೊನೊಗ್ರಾಮ್ ಓದಿ, ಯಾವ ಶೇಪಿಗೆ ಕೂರುತ್ತದೆಂದು ಗುರುತು ಹಾಕಿ, ಗಿರಾಕಿ ಬರುವ ತನಕ ಅಂಚು ಮುಕ್ಕಾಗದಂತೆ ಇಡುವವರು ಬೇಕು. ಉಕ್ಕಿನ ತೂಕವೇ ಮುಖ್ಯವಾದ ಘಟಕದ ಲೆಕ್ಕದಲ್ಲಿ ಗಾಜಿಗೆ ಹೇಳಿಕೊಳ್ಳುವ ಬೆಲೆಯಿಲ್ಲ. ಅದಕ್ಕೆ ಬೆಲೆ ಬರುವುದು ಅದು ಯಾವ ಬಾಗಿಲಿನದೆಂದು ಗೊತ್ತಿರುವವನ ಕೈಯಲ್ಲಿ, ಅಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದಾಗಲಿ ಅವರಿಗೆ ಆ ಗಾಜನ್ನು ಬಿಲ್ಲಿನ ಮೇಲೆ ಮಾರಬೇಕೆಂದಾಗಲಿ ಯಾರೂ ಕೇಳುತ್ತಿಲ್ಲ.